ಅಪರೂಪಕ್ಕೆ ಅಲೆ ಏರುವವರಿಗೆ ಎಷ್ಟು ದೊಡ್ಡ ಹಲಗೆ?

ಮಕ್ಕಳೇ, ಚಪ್ಪಲಿಗೆ ಪಾದದ ಅಳತೆ, ಅಂಗಿಗೆ ಎದೆಯ ಅಳತೆ ಕೊಡುತ್ತೇವೆ. ಅಲೆಯ ಮೇಲೆ ಜಾರುವ ಸರ್ಫ್‌ಬೋರ್ಡಿಗೆ ಮಾತ್ರ ಎತ್ತರಕ್ಕಿಂತ ಮೊದಲು ಹೇಳಬೇಕಾದ ಲೆಕ್ಕ ಬೇರೆ: ವರ್ಷದಲ್ಲಿ ಎಷ್ಟು ದಿನ ಕಡಲಿಗೆ ಇಳಿಯುತ್ತೀರಿ?

ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ಮೊದಲ ಬಾರಿಗೆ ಸೇರಿತು. ಅದನ್ನು ಟಿವಿಯಲ್ಲಿ ನೋಡಿದವರಿಗೆ 6 ಅಡಿಯ, ಚೂಪು ಮೂತಿಯ ಪುಟ್ಟ ಹಲಗೆಯೇ ಕಣ್ಣಿಗೆ ಕಟ್ಟಿರುತ್ತದೆ. ಬೇಕಾದರೆ ಅದೇ ಬೇಕು ಎಂಬ ಹಟ. ರಜೆಯಲ್ಲಿ ಮಾತ್ರ ಮೂಲ್ಕಿಗೋ ಸಸಿಹಿತ್ಲುವಿಗೋ ಬರುವವರಿಗೆ ಅದು ತಕ್ಕದ್ದಲ್ಲ.

ಕಾರಣ ನಿಮ್ಮ ವಿಜ್ಞಾನ ಪುಸ್ತಕದಲ್ಲೇ ಇದೆ. ಒಂದು ಲೀಟರ್ ಗಾತ್ರದ ವಸ್ತು ಪೂರ್ತಿ ಮುಳುಗಿದರೆ ಸುಮಾರು ಒಂದು ಕೆ.ಜಿ. ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಅಷ್ಟೇ ಭಾರವನ್ನು ನೀರು ಮೇಲಕ್ಕೆತ್ತುತ್ತದೆ. ಹಲಗೆಯ ಗಾತ್ರವನ್ನೂ ಲೀಟರಿನಲ್ಲೇ ಹೇಳುತ್ತಾರೆ. 60 ಕೆ.ಜಿ. ತೂಕದ ನುರಿತ ಆಟಗಾರನಿಗೆ 25 ಲೀಟರಿನ ಹಲಗೆ ಸಾಕು. ಅವನು ಸುಮ್ಮನೆ ಕುಳಿತರೆ ಹಲಗೆ ನೀರೊಳಗೆ ಇಳಿದೇ ಇರುತ್ತದೆ. ಅಲೆ ಸಿಕ್ಕ ಮೇಲೆ ವೇಗವೇ ಅವನನ್ನು ಎತ್ತಿ ಹಿಡಿಯುತ್ತದೆ. ಆ ವೇಗ ಬರಲು ತೋಳಿನಲ್ಲಿ ಕಸುವು ಬೇಕು, ದಿನದಿನದ ರೂಢಿ ಬೇಕು. ವರ್ಷಕ್ಕೆರಡು ಸಲ ಇಳಿಯುವ ಅದೇ ತೂಕದವರಿಗೆ 60 ಲೀಟರಾದರೂ ಇರಲಿ. ತೂಕ ಎಷ್ಟು ಕೆ.ಜಿ.ಯೋ ಕನಿಷ್ಠ ಅಷ್ಟು ಲೀಟರ್. ಬ್ಯಾಂಕಿನಲ್ಲಿ ಕೂಡಿ ಕಳೆದು ಸವೆದ ನನ್ನಂಥವನಿಗೂ ಇಷ್ಟು ಸುಲಭದ ಲೆಕ್ಕ ಸಿಕ್ಕಿದ್ದು ಕಡಿಮೆ.

ಉದ್ದಕ್ಕೂ ಕೆಲಸವಿದೆ. ಉದ್ದದ ಹಲಗೆ ಕೈಬೀಸಿಗೆ ಬೇಗ ಮುಂದೆ ಹೋಗುತ್ತದೆ, ಸಣ್ಣ ಅಲೆಯನ್ನೂ ಹಿಡಿಯುತ್ತದೆ. ಅಗಲ ಹೆಚ್ಚಿದ್ದರೆ ಎದ್ದು ನಿಂತಾಗ ಹೊಯ್ದಾಟ ಕಡಿಮೆ. ಹಾಗಾಗಿ ದೊಡ್ಡವರಿಗೆ 8ರಿಂದ 9 ಅಡಿ ಉದ್ದ, 22 ಅಂಗುಲದಷ್ಟು ಅಗಲ, ಮೇಲ್ಮೈ ಮೆತ್ತಗಿರುವ ಫೋಮ್ ಹಲಗೆ ಒಳ್ಳೆಯದು. ತಿರುಗಿಸಲು ಸ್ವಲ್ಪ ಮೊಂಡು, ನಿಜ. ಆದರೆ ಎದ್ದು ನಿಲ್ಲುವುದೇ ಕಷ್ಟವಾಗಿರುವಾಗ ತಿರುಗಿಸುವ ಮಾತೆಲ್ಲಿ?

ಉದ್ದದ ಹಲಗೆ ಎಂದರೆ ಕಲಿಯುವವರದು ಎಂದು ಮೂಗು ಮುರಿಯುವವರೂ ಇದ್ದಾರೆ. 1912ರ ಒಲಿಂಪಿಕ್ಸ್ ಈಜಿನಲ್ಲಿ ಚಿನ್ನ ಗೆದ್ದ ಹವಾಯಿಯ ಡ್ಯೂಕ್ ಕಹನಮೋಕು ಸರ್ಫಿಂಗನ್ನು ಜಗತ್ತಿಗೆ ತೋರಿಸಿದವರು. ಅವರ ಹೆಸರಾಂತ ಮರದ ಹಲಗೆ 16 ಅಡಿ ಉದ್ದವಿತ್ತು, ತೂಕ 50 ಕೆ.ಜಿ. ಮೀರಿತ್ತು!

ಹಾಗೆಂದು 30 ಕೆ.ಜಿ.ಯ ಮಗುವಿಗೆ 9 ಅಡಿಯದನ್ನು ಕೊಡಬೇಡಿ. ಅಜ್ಜ-ಅಜ್ಜಿಯರು ಗಮನಿಸಬೇಕಾದ್ದು ಇದು. ಮಗು ಕಂಕುಳಲ್ಲಿ ಹಿಡಿದು ನಡೆಯಲಾರದ ಹಲಗೆಯನ್ನು ಅಲೆಯಲ್ಲೂ ಹಿಡಿಯಲಾರದು. ಅದು ಬಂದು ಮುಖಕ್ಕೋ ಪಕ್ಕದವರಿಗೋ ಬಡಿಯುತ್ತದೆ. 6ರಿಂದ 7 ಅಡಿಯ ಮೆತ್ತನೆ ಹಲಗೆ ಸಾಕು. ಕಾಲಿಗೆ ಕಟ್ಟುವ ಹಗ್ಗ ಸುಮಾರು ಹಲಗೆಯಷ್ಟೇ ಉದ್ದವಿರಲಿ. ಅಲೆಗೂ ನಮಗೂ ನಡುವೆ ಹಲಗೆಯನ್ನು ಎಂದೂ ಇಟ್ಟುಕೊಳ್ಳಬಾರದು, ಬಿದ್ದಾಗ ತೋಳಿನಿಂದ ತಲೆ ಮುಚ್ಚಿಕೊಳ್ಳಬೇಕು ಎಂಬುದನ್ನು ನೀರಿಗಿಳಿಯುವ ಮೊದಲೇ ಕಲಿಸಿರಬೇಕು.

ಇನ್ನು ದುಡ್ಡಿನ ವಿಷಯ. ನಾಲ್ಕು ದಿನದ ಆಟಕ್ಕೆ ಹಲಗೆ ಕೊಂಡು ವರ್ಷವಿಡೀ ಮಂಚದ ಕೆಳಗೆ ಇಡುವುದೇಕೆ? ಮೂಲ್ಕಿಯ ಕಡೆ ಸರ್ಫಿಂಗ್ ಕಲಿಸುವವರೇ ಹಲಗೆಯನ್ನೂ ಕೊಡುತ್ತಾರೆ. ಬಾಡಿಗೆಗೆ ಕೇಳುವಾಗ ವಯಸ್ಸಿನ ಜೊತೆ ತೂಕವನ್ನೂ ಹೇಳಿ, ಲೀಟರ್ ಎಷ್ಟೆಂದು ಕೇಳಿ. ಮಳೆಗಾಲದ ಕಡಲು ಹೊಸಬರದಲ್ಲ. ಮಳೆ ಮುಗಿದು ಅಲೆ ಸಣ್ಣದಾದ ಮೇಲೆ, ಕಲಿಸುವವರು ಜೊತೆಗಿದ್ದಾಗ, ಸೊಂಟದ ಆಳದಲ್ಲಿ ನೊರೆ ಅಲೆಯಿಂದ ಶುರುಮಾಡಿ.