ನಂದಿ ಬೆಟ್ಟದ ವೈನ್ ಟೂರ್: ‘ದಿನಕ್ಕೊಂದು ಗ್ಲಾಸ್ ಹೃದಯಕ್ಕೆ ಒಳ್ಳೆಯದು’ ಅನ್ನುವ ಫಾರ್ವರ್ಡ್ ನಿಜವೇ?

ಒಂದು ಫಾರ್ವರ್ಡ್ ನಮಗೆ ಮತ್ತೆ ಮತ್ತೆ ಬರುತ್ತಿದೆ. ಸಾಲು ಹಿಡಿದು ನಿಂತ ದ್ರಾಕ್ಷಿ ಬಳ್ಳಿಗಳ ಫೋಟೋ, ಹಿಂದೆ ಮಂಜು ಮುಚ್ಚಿದ ಬೆಟ್ಟ. ಕೆಳಗೆ ಬರೆದಿರುವುದು ಇಷ್ಟು: ವೈನ್ ಅಂದರೆ ಹೆಂಡವಲ್ಲ, ಹಣ್ಣಿನ ರಸ. ದಿನಕ್ಕೊಂದು ಗ್ಲಾಸ್ ರೆಡ್ ವೈನ್ ಕುಡಿದರೆ ಹಾರ್ಟ್ ಬ್ಲಾಕ್ ಆಗುವುದಿಲ್ಲ, ಫ್ರಾನ್ಸಿನವರ ಆರೋಗ್ಯದ ಗುಟ್ಟೇ ಇದು. ಬೆಂಗಳೂರಿನ ಪಕ್ಕದಲ್ಲೇ ವೈನ್ ತೋಟಗಳಿವೆ, ಕುಟುಂಬ ಸಮೇತ ಹೋಗಿ ಬನ್ನಿ, ಎಲ್ಲರಿಗೂ ಕಳಿಸಿ.

ಇದನ್ನು ನಮಗೆ ಕಳಿಸಿದವರಲ್ಲಿ ಒಬ್ಬ ಓದುಗರು ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿದ್ದರು. ಅವರ ತಂದೆಗೆ 64 ವರ್ಷ, ಬಿಪಿ ಇದೆ, ಷುಗರ್ ಇದೆ, ಎರಡಕ್ಕೂ ಮಾತ್ರೆ ನಡೆಯುತ್ತಿದೆ. ಜೀವನದಲ್ಲಿ ಒಂದು ದಿನವೂ ಕುಡಿದವರಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಈ ಮೆಸೇಜ್ ನೋಡಿದ ಮೇಲೆ ನಂದಿ ಬೆಟ್ಟದ ಕಡೆ ಹೋಗಿ ನಾಲ್ಕು ಬಾಟಲಿ ತಂದು, ರಾತ್ರಿ ಊಟಕ್ಕೆ ಮುಂಚೆ ಔಷಧಿಯ ಹಾಗೆ ಅಳೆದು ಕುಡಿಯುತ್ತಿದ್ದಾರಂತೆ. ‘ಬಿಡಿಸಬೇಕೋ ಬೇಡವೋ ಹೇಳಿ’ ಎಂದಿದ್ದರು.

ಮೆಸೇಜಿನ ಅರ್ಧ ಭಾಗ ನಿಜ. ತೋಟಗಳಿವೆ, ಹೋಗಿ ನೋಡುವಂತೆಯೂ ಇವೆ. ಇನ್ನರ್ಧವನ್ನು ಬಿಡಿಸಿ ನೋಡಬೇಕಿತ್ತು. ಫೆಬ್ರವರಿಯ ಒಂದು ಶನಿವಾರ ನಾವೇ ಹೊರಟೆವು.

ಇಲ್ಲೇ ಯಾಕೆ ದ್ರಾಕ್ಷಿ?

ಜಗತ್ತಿನ ಹೆಸರಾಂತ ವೈನ್ ಸೀಮೆಗಳು ಹೆಚ್ಚಾಗಿ 30ರಿಂದ 50 ಡಿಗ್ರಿ ಅಕ್ಷಾಂಶದ ನಡುವೆ ಇವೆ. ನಂದಿ ಬೆಟ್ಟ ಇರುವುದು 13 ಡಿಗ್ರಿಯಲ್ಲಿ. ಲೆಕ್ಕದ ಪ್ರಕಾರ ಇಲ್ಲಿ ವೈನ್ ದ್ರಾಕ್ಷಿ ಬರಲೇಬಾರದು. ಕೈ ಹಿಡಿದದ್ದು ಎತ್ತರ. ಬೆಟ್ಟದ ತುದಿ 1,478 ಮೀಟರ್ ಇದ್ದರೆ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯ ತಪ್ಪಲಿನ ತೋಟಗಳೂ ಸುಮಾರು 900 ಮೀಟರ್ ಎತ್ತರದಲ್ಲಿವೆ. ಹಗಲು ಎಷ್ಟೇ ಬಿಸಿಲಿದ್ದರೂ ರಾತ್ರಿ ತಂಪಾಗುತ್ತದೆ. ಸೆಕೆ ಹೆಚ್ಚಿದಷ್ಟೂ ಬಳ್ಳಿ ಹಣ್ಣಿನಲ್ಲಿರುವ ಹುಳಿಯನ್ನು ಬೇಗ ಕರಗಿಸಿಬಿಡುತ್ತದೆ. ರಾತ್ರಿಯ ತಂಪು ಆ ಹುಳಿಯನ್ನು ಉಳಿಸುತ್ತದೆ. ಹುಳಿ ಇಲ್ಲದ ಹಣ್ಣಿನ ವೈನ್ ಸಪ್ಪೆ.

ಇನ್ನೊಂದು ತಮಾಷೆಯ ವಿಷಯ. ಯುರೋಪಿನಲ್ಲಿ ಚಳಿಗಾಲ ಬಂದರೆ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಮಲಗಿಬಿಡುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆ ಬರುವಷ್ಟು ಚಳಿಯೇ ಇಲ್ಲ. ಹಾಗಾಗಿ ಇಲ್ಲಿನ ರೈತರು ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ಬೇಸಿಗೆಯ ಚಾಟನಿ ರೆಂಬೆ ಬೆಳೆಸುವುದಕ್ಕೆ, ಮಳೆ ಹಿಂದೆ ಸರಿಯುವ ಹೊತ್ತಿನ ಚಾಟನಿ ಹಣ್ಣಿಗೆ. ವೈನ್ ದ್ರಾಕ್ಷಿಯ ಕೊಯ್ಲು ಬೇಸಿಗೆ ಏರುವ ಮುಂಚಿನ ತಿಂಗಳುಗಳಲ್ಲಿ ನಡೆಯುತ್ತದೆ. ತೋಟ ನೋಡಬೇಕೆಂದಿದ್ದರೆ ಆಗ ಹೋಗಿ. ಜುಲೈನಲ್ಲಿ ಹೋದವರಿಗೆ ಸಿಗುವುದು ಬರೀ ಎಲೆ.

ಈ ಸೀಮೆಯ ನಿಜವಾದ ಹಳೆಯ ನಿವಾಸಿ ಬೆಂಗಳೂರು ನೀಲಿ ದ್ರಾಕ್ಷಿ, ಅಂದರೆ ಬೆಂಗಳೂರು ಬ್ಲೂ. ಸುಮಾರು ಒಂದೂವರೆ ಶತಮಾನದಿಂದ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುತ್ತಿದ್ದಾರೆ. 2013ರಲ್ಲಿ ಇದಕ್ಕೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಬಾಯಿಗೆ ಹಾಕಿ ಒತ್ತಿದರೆ ತಿರುಳು ಪಟ್ಟನೆ ಜಾರಿ ಬಂದು ಸಿಪ್ಪೆ ಕೈಯಲ್ಲೇ ಉಳಿಯುತ್ತದಲ್ಲ, ಅದೇ ಹಣ್ಣು. ಜ್ಯೂಸ್, ಜಾಮ್, ಸಿಹಿ ವೈನ್‌ಗೆ ಇದು ಹೋಗುತ್ತದೆ. ಫ್ರೆಂಚ್ ಜಾತಿಯ ದ್ರಾಕ್ಷಿಗಳು ಬಂದದ್ದು ತಡವಾಗಿ. 1980ರ ದಶಕದಲ್ಲಿ ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರಾನ್ಸಿನ ತಜ್ಞರ ಜೊತೆ ಸೇರಿ ನಂದಿ ತಪ್ಪಲಿನಲ್ಲಿ ನೆಡಿಸಿದರು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು, ವೈನ್ ಮಂಡಳಿಯನ್ನೂ ಮಾಡಿತು.

ಹಣ್ಣಿನ ಮೇಲಿನ ಬಿಳಿ ಪುಡಿ ವಿಷವೇ?

ತೋಟದಲ್ಲಿ ಗೊಂಚಲು ಮುಟ್ಟಿದ ತಕ್ಷಣ ನಮ್ಮ ಗುಂಪಿನಲ್ಲಿದ್ದ ಒಬ್ಬರು ಕೈ ಹಿಂದೆಳೆದುಕೊಂಡು, ‘ಅಯ್ಯೋ, ಔಷಧಿ ಹೊಡೆದಿದ್ದಾರೆ’ ಅಂದರು. ಇದೂ ಒಂದು ಹಳೆಯ ಫಾರ್ವರ್ಡ್. ಹಣ್ಣಿನ ಮೇಲೆ ಸಮನಾಗಿ ಹರಡಿ, ಬೆರಳಿಟ್ಟರೆ ಅಳಿಸಿಹೋಗುವ ಆ ಬೂದು ಪದರ ಬಳ್ಳಿಯೇ ಮಾಡಿಕೊಳ್ಳುವ ಮೇಣ. ಒಳಗಿನ ನೀರು ಆರದಂತೆ ಅದು ಕಾಯುತ್ತದೆ. ಹೊಡೆದ ಔಷಧಿಯ ಗುರುತಾದರೆ ಚುಕ್ಕೆ ಚುಕ್ಕೆಯಾಗಿ, ಇಳಿದ ಹನಿಯ ಹಾಗೆ ಇರುತ್ತದೆ. ಹಾಗಂತ ತೊಳೆಯದೆ ತಿನ್ನಬೇಡಿ. ಔಷಧಿಯ ಶೇಷ ಕಣ್ಣಿಗೆ ಕಾಣಲೇಬೇಕೆಂದಿಲ್ಲ.

‘ಹಣ್ಣಿನ ರಸ’ ಎಲ್ಲಿಗೆ ಹೋಯಿತು?

ತೋಟದಿಂದ ನಮ್ಮನ್ನು ಕರೆದುಕೊಂಡು ಹೋದದ್ದು ಸ್ಟೀಲ್ ಟ್ಯಾಂಕುಗಳ ಶೆಡ್ಡಿಗೆ. ಕಾಲಿನಲ್ಲಿ ದ್ರಾಕ್ಷಿ ತುಳಿಯುವ ದೃಶ್ಯ ಈಗ ಬಹುತೇಕ ಪ್ರವಾಸಿಗರ ಆಟ. ಪೋರ್ಚುಗಲ್‌ನ ಡೋರೊ ಕಣಿವೆಯ ಕೆಲವು ಕಡೆ ನಿಜವಾಗಿಯೂ ಇಂದಿಗೂ ತುಳಿಯುತ್ತಾರೆ. ಇಲ್ಲಿ ತೊಟ್ಟು ಬಿಡಿಸುವುದು, ಜಜ್ಜುವುದು ಎಲ್ಲ ಯಂತ್ರದ್ದು.

ಜಜ್ಜಿದ ರಸಕ್ಕೆ ಯೀಸ್ಟ್ ಬಿದ್ದರೆ ಅದು ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದರೆ ಶೇ. 1ರಷ್ಟು ಆಲ್ಕೋಹಾಲ್. 220 ಗ್ರಾಂ ಸಕ್ಕರೆಯ ರಸ ಪೂರ್ತಿ ಹುದುಗಿದರೆ ಶೇ. 13ರ ವೈನ್. ಅಂದರೆ ಹಣ್ಣಿನ ರಸದ ಸಿಹಿ ಎಲ್ಲಿತ್ತೋ ಅಲ್ಲಿ ಈಗ ಆಲ್ಕೋಹಾಲ್ ಇದೆ. ಸಿಪ್ಪೆಯ ಜೊತೆ ಹುದುಗಿಸಿದರೆ ಕೆಂಪು, ಸಿಪ್ಪೆ ತೆಗೆದು ಹುದುಗಿಸಿದರೆ ಬಿಳಿ.

ಲೆಕ್ಕ ಹಾಕಿ ನೋಡಿ. ಶೇ. 13ರ ವೈನ್ 150 ಮಿ.ಲೀ. ಗ್ಲಾಸಿನಲ್ಲಿ ಸುಮಾರು 15 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 30 ಮಿ.ಲೀ. ವಿಸ್ಕಿಯ ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ. ಮನೆಯಲ್ಲಿ ವಿಸ್ಕಿ ಬಾಟಲಿ ಕಂಡರೆ ಗಲಾಟೆ ಮಾಡುವವರು ‘ಅದು ವೈನ್ ಬಿಡು’ ಅನ್ನುತ್ತಾರೆ. ಒಂದು ಗ್ಲಾಸ್ ವೈನ್ ಒಂದೂವರೆ ಸಣ್ಣ ಪೆಗ್ಗಿಗೆ ಸಮ. ಯಕೃತ್ತಿಗೆ ಲೇಬಲ್ ಓದಲು ಬರುವುದಿಲ್ಲ.

ಹೃದಯದ ಮಾತು ಎಲ್ಲಿಂದ ಹುಟ್ಟಿತು?

1991ರಲ್ಲಿ ಅಮೆರಿಕದ ‘60 ಮಿನಿಟ್ಸ್’ ಟಿವಿ ಕಾರ್ಯಕ್ರಮ ಒಂದು ಪ್ರಶ್ನೆ ಎತ್ತಿತು. ಫ್ರೆಂಚರು ಬೆಣ್ಣೆ, ಚೀಸ್ ಅಷ್ಟು ತಿಂದರೂ ಅವರಲ್ಲಿ ಹೃದಯದ ಕಾಯಿಲೆ ಕಡಿಮೆ ಏಕೆ? ಕಾರಣ ರೆಡ್ ವೈನ್ ಇರಬಹುದು ಎಂಬ ಸೂಚನೆ ಬಂತು. ಅಮೆರಿಕದಲ್ಲಿ ರೆಡ್ ವೈನ್ ಮಾರಾಟ ಜೋರಾಯಿತು. ಮರುವರ್ಷ ಸೆರ್ಜ್ ರೆನೋ ಎಂಬ ಫ್ರೆಂಚ್ ವಿಜ್ಞಾನಿ ‘ಲ್ಯಾನ್ಸೆಟ್’ನಲ್ಲಿ ಇದೇ ವಾದವನ್ನು ಬರೆದರು. ನಮ್ಮ ಫಾರ್ವರ್ಡಿನ ಮುತ್ತಜ್ಜ ಇದೇ.

ಆಗಿನ ಅಧ್ಯಯನಗಳಲ್ಲಿ ಮಿತವಾಗಿ ಕುಡಿಯುವವರು, ಏನೂ ಕುಡಿಯದವರಿಗಿಂತ ಆರೋಗ್ಯವಾಗಿ ಕಾಣುತ್ತಿದ್ದರು. ತೊಡಕು ಇದ್ದದ್ದು ‘ಕುಡಿಯದವರು’ ಯಾರು ಎಂಬುದರಲ್ಲಿ. ಕಾಯಿಲೆ ಬಂದು, ಡಾಕ್ಟರ್ ಬೈದು, ಕುಡಿತ ಬಿಟ್ಟವರೂ ಆ ಗುಂಪಿನಲ್ಲೇ ಎಣಿಕೆಯಾಗುತ್ತಿದ್ದರು. ಅತ್ತ ಊಟದ ಜೊತೆ ಒಂದು ಗ್ಲಾಸ್ ವೈನ್ ಕುಡಿಯುವವರು ಸಾಮಾನ್ಯವಾಗಿ ಹೆಚ್ಚು ಓದಿದವರು, ಹಣವಿದ್ದವರು, ತರಕಾರಿ ತಿಂದು ವಾಕಿಂಗ್ ಹೋಗುವವರು. ಅವರ ಆರೋಗ್ಯದ ಕೀರ್ತಿಯೆಲ್ಲ ಗ್ಲಾಸಿಗೆ ಹೋಯಿತು.

ಮುಂದೆ ಬಂದದ್ದು ‘ರೆಸ್ವೆರಾಟ್ರಾಲ್’, ದ್ರಾಕ್ಷಿ ಸಿಪ್ಪೆಯಲ್ಲಿರುವ ಒಂದು ರಾಸಾಯನಿಕ. ಒಂದು ಲೀಟರ್ ರೆಡ್ ವೈನ್‌ನಲ್ಲಿ ಇದು ಕೆಲವೇ ಮಿಲಿಗ್ರಾಂ. ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಕೊಟ್ಟದ್ದು ನೂರಾರು ಮಿಲಿಗ್ರಾಂ. ಅಷ್ಟನ್ನು ವೈನ್‌ನಿಂದ ಪಡೆಯಲು ದಿನಕ್ಕೆ ಹತ್ತಾರು ಲೀಟರ್ ಕುಡಿಯಬೇಕು. ಹೃದಯದ ಮಾತು ಆಮೇಲೆ.

ನಮಗೆ ಬಹಳ ಹಿಡಿಸಿದ ಅಧ್ಯಯನ ನಡೆದದ್ದು ವೈನ್‌ನ ತವರಿನಲ್ಲೇ, ಇಟಲಿಯ ಕಿಯಾಂಟಿ ಸೀಮೆಯಲ್ಲಿ. 65 ವರ್ಷ ದಾಟಿದ 783 ಜನರ ಮೂತ್ರದಲ್ಲಿ ರೆಸ್ವೆರಾಟ್ರಾಲ್‌ನ ಅಂಶ ಅಳೆದು, ಸುಮಾರು ಒಂಬತ್ತು ವರ್ಷ ಅವರ ಮೇಲೆ ಕಣ್ಣಿಟ್ಟರು. 2014ರಲ್ಲಿ ಫಲಿತಾಂಶ ಬಂತು. ಆ ಅಂಶ ಹೆಚ್ಚಿದ್ದವರಿಗೂ ಕಡಿಮೆ ಇದ್ದವರಿಗೂ ಹೃದಯದ ಕಾಯಿಲೆಯಲ್ಲಾಗಲಿ, ಕ್ಯಾನ್ಸರಿನಲ್ಲಾಗಲಿ, ಸಾವಿನಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಇನ್ನೊಂದು ಕಡೆಯ ತಕ್ಕಡಿಯಲ್ಲಿರುವುದು ಹೀಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಸ್ತನದ ಕ್ಯಾನ್ಸರಿಗೆ ಇದರ ನಂಟಿದೆ. ಆರೋಗ್ಯಕ್ಕೆ ತೊಂದರೆ ಇಲ್ಲದಷ್ಟು ಕುಡಿತ ಎಂಬ ಮಟ್ಟವೇ ಇಲ್ಲ ಎಂದು ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ವೈನ್‌ಗೆ ಬೇರೆ ವಿನಾಯಿತಿ ಕೊಟ್ಟಿಲ್ಲ.

ಐದು ಚಿಕ್ಕ ಸುರಿತ, ಒಂದು ಘಾಟಿ ರಸ್ತೆ

ಟೂರಿನ ಕೊನೆಗೆ ರುಚಿ ನೋಡುವ ಕಾರ್ಯಕ್ರಮ. ನಮಗೆ ಐದು ಬಗೆ ಕೊಟ್ಟರು, ಒಂದೊಂದೂ ಸುಮಾರು 30 ಮಿ.ಲೀ. ಗ್ಲಾಸ್ ತಿರುಗಿಸಿ, ಮೂಸಿ, ಬಾಯಲ್ಲಿ ಆಡಿಸಿ ಎಂದರು. ಕೆಂಪು ವೈನ್ ನಾಲಿಗೆಯನ್ನು ಎಳೆದು ಹಿಡಿಯುತ್ತದಲ್ಲ, ಅದು ನಮಗೆ ಹೊಸದೇನಲ್ಲ. ನೇರಳೆ ಹಣ್ಣಿನ, ಎಳೆ ಅಡಿಕೆಯ ಒಗರೇ ಅದು. ಟ್ಯಾನಿನ್ ಎಂಬ ಪದಾರ್ಥ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುತ್ತದೆ. ಪಕ್ಕದಲ್ಲಿ ಉಗುಳಲು ಒಂದು ಪಾತ್ರೆ ಇಟ್ಟಿದ್ದರು. ವೃತ್ತಿಯಲ್ಲಿರುವವರು ಉಗುಳಿಯೇ ರುಚಿ ನೋಡುವುದು. ನಮ್ಮ ಮೇಜಿನಲ್ಲಿ ಅದನ್ನು ಯಾರೂ ಮುಟ್ಟಲಿಲ್ಲ, ದುಡ್ಡು ಕೊಟ್ಟದ್ದಲ್ಲವೇ!

ಐದು ಸಲ 30 ಅಂದರೆ 150. ಅದೇ ಒಂದು ಗ್ಲಾಸ್, ಅದೇ 15 ಗ್ರಾಂ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. 60 ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ 15 ಗ್ರಾಂ ಬೇಗ ಕುಡಿದರೆ ರಕ್ತದಲ್ಲಿ ಸುಮಾರು 35ರಿಂದ 40ಕ್ಕೆ ಏರಬಹುದು. ಅದೇ ತೂಕದ ಹೆಂಗಸಿಗೆ ಇನ್ನೂ ಹೆಚ್ಚು. ಇಳಿಯುವುದು ಗಂಟೆಗೆ ಸುಮಾರು 15ರಂತೆ, ಕಾಫಿ, ನಿಂಬೆರಸ, ತಣ್ಣೀರು ಯಾವುದೂ ಅದನ್ನು ಅವಸರ ಮಾಡುವುದಿಲ್ಲ. ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅಲ್ಲಿಂದ ಬಹಳ ಜನ ನೇರ ಬೆಟ್ಟದ ತಿರುವುಗಳ ಕಡೆ ಗಾಡಿ ತಿರುಗಿಸುತ್ತಾರೆ ಎಂಬುದೇ ನಮ್ಮ ಚಿಂತೆ. ‘ಬರೀ ಟೇಸ್ಟ್ ನೋಡಿದ್ದು’ ಅನ್ನುವ ಮಾತು ತಿರುವಿಗೆ ಕೇಳಿಸುವುದಿಲ್ಲ. ನಾವು ಡ್ರೈವರ್ ಸಮೇತ ಗಾಡಿ ಮಾಡಿಕೊಂಡು ಹೋಗಿದ್ದೆವು.

ಊಟದ್ದೂ ಒಂದು ಮಾತು. ಖಾರದ ಜೊತೆ ವೈನ್ ಕುಡಿದರೆ ಉರಿ ಇಳಿಯುತ್ತದೆ ಎಂದು ನಂಬಿದವರಿದ್ದಾರೆ. ಮೆಣಸಿನಕಾಯಿಯ ಉರಿಯನ್ನು ಗುರುತಿಸುವ ನರದ ಗ್ರಾಹಕವನ್ನೇ ಆಲ್ಕೋಹಾಲ್ ಇನ್ನಷ್ಟು ಚುರುಕು ಮಾಡುತ್ತದೆ, ಆದ್ದರಿಂದ ಉರಿ ಏರುತ್ತದೆ. ಮಜ್ಜಿಗೆಯೇ ವಾಸಿ. ಆ ಸೀಮೆಗೆ ಹೋಗಿ ಮುದ್ದೆ, ಬಸ್ಸಾರು, ಕಾಲ ಸಿಕ್ಕಿದರೆ ಹಿತಕಿದ ಅವರೆಬೇಳೆ ಸಾರು ಬಿಟ್ಟು ಪಾಸ್ತಾ ತಿಂದು ಬರುವುದು ನಮ್ಮ ಪ್ರಕಾರ ನಷ್ಟದ ವ್ಯವಹಾರ.

ಕುಡಿಯದವರಿಗೂ ಈ ಪ್ರವಾಸ ಖಾಲಿಯಲ್ಲ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಸ್ಥಾನವಿದೆ, ಮೂಲ ಒಂಬತ್ತನೇ ಶತಮಾನದ್ದು. ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಸೇರಿಸುತ್ತಾ ಬಂದಿದ್ದಾರೆ. ಅಲ್ಲಿನ ಕಲ್ಯಾಣಿಯ ಮೆಟ್ಟಿಲ ಮೇಲೆ ನಾವು ಟ್ಯಾಂಕುಗಳ ಶೆಡ್ಡಿಗಿಂತ ಹೆಚ್ಚು ಹೊತ್ತು ಕೂತಿದ್ದೆವು. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಯೂ ಹತ್ತಿರವೇ.

ಆ ಓದುಗರಿಗೆ ನಾವು ಬರೆದ ಉತ್ತರ

ಬಿಡಿಸಿ ಎಂದೆವು. ಇಲ್ಲಿಯವರೆಗೆ ಕುಡಿಯದವರು ಹೃದಯಕ್ಕೆಂದು ಶುರು ಮಾಡಲು ಯಾವ ಕಾರಣವೂ ಇಲ್ಲ. ಮದ್ಯ ಬಿಪಿಯನ್ನು ಏರಿಸುತ್ತದೆ. ಷುಗರ್‌ಗೆ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟಕ್ಕೆ ಮುಂಚೆ ಕುಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆ ತಲೆಸುತ್ತು, ತೊದಲುವಿಕೆ ನೋಡಿ ಮನೆಯವರು ‘ಅಮಲು’ ಎಂದುಕೊಂಡು ಸುಮ್ಮನಾಗುವುದು ಇನ್ನೂ ಅಪಾಯ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೂ ಮದ್ಯದ ಬಗ್ಗೆ ಎಚ್ಚರಿಕೆ ಇದೆ. ಇಷ್ಟು ದಿನ ಕುಡಿದಿರುವುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ ಎಂದೂ ಬರೆದೆವು.

ಎರಡು ದಿನ ಬಿಟ್ಟು ಅವರ ತಂದೆಯದೇ ವಾಯ್ಸ್ ಮೆಸೇಜ್ ಬಂತು. ಸ್ವಲ್ಪ ಮುನಿಸಿತ್ತು. ‘ಅದು ಬೇಡ ಅಂದಿರಿ, ಸರಿ. ದ್ರಾಕ್ಷಿನಾದರೂ ತಿನ್ನಬಹುದಾ ಇಲ್ವಾ?’ 100 ಗ್ರಾಂ ದ್ರಾಕ್ಷಿಯಲ್ಲಿ ಸುಮಾರು 15 ಗ್ರಾಂ ಸಕ್ಕರೆ ಇರುತ್ತದೆ ಸರ್, ಊಟದ ಲೆಕ್ಕದಲ್ಲಿ ಸೇರಿಸಿಕೊಂಡು ಒಂದು ಸಣ್ಣ ಹಿಡಿ ತಿನ್ನಿ, ಜ್ಯೂಸ್ ಮಾಡಬೇಡಿ ಎಂದು ಹೇಳಿದೆವು. ಬೆಂಗಳೂರು ಬ್ಲೂ ಸಿಕ್ಕರೆ ಸಿಪ್ಪೆ ಉಗುಳದೆ ಅಗಿಯಿರಿ, ಬಣ್ಣವೂ ಆ ಹೆಸರುವಾಸಿ ರೆಸ್ವೆರಾಟ್ರಾಲೂ ಇರುವುದು ಅದರಲ್ಲೇ.