ದನಿ ತೆಗೆದ ಜಾಗದಲ್ಲಿ

ಜಾನ್ ಹೋಲ್ಟ್ ಮೆತ್ತಗೆ ಒಂದು ಸಾಲು ಹಾಡುತ್ತಾರೆ. ಜಮೈಕಾದ ಪ್ಯಾರಗಾನ್ಸ್ ತಂಡದ ಹಳೆಯ ಪ್ರೇಮಗೀತೆ, 'ವೇರ್ ಯು ಟು ದ ಬಾಲ್'. ಸಾಲು ಮುಗಿಯಿತೋ ಇಲ್ಲವೋ, ಹೋಲ್ಟ್ ದನಿ ಮಾಯ. ಉಳಿದದ್ದು ಬೇಸ್ ಗಿಟಾರು, ಡ್ರಮ್ಮು. ಅಲ್ಲಿಗೆ ಯು-ರಾಯ್ ನುಗ್ಗುತ್ತಾರೆ. ಹಾಡುಗಾರ ಬಿಟ್ಟ ಮಾತನ್ನೇ ಎತ್ತಿಕೊಂಡು, ಕೂಗಿ, ಪ್ರಾಸ ಹೊಸೆದು, ತಾಳದ ಮೇಲೆ ತೇಲುತ್ತಾರೆ. ಅವರ 'ವರ್ಷನ್ ಗಲೋರ್' ಆಲ್ಬಮ್‌ನ ಈ ಗಳಿಗೆ ನನಗೆ ಇನ್ನೂ ಹಳತಾಗಿಲ್ಲ.

ಜಮೈಕಾದಲ್ಲಿ ರೆಕಾರ್ಡು ಬದಲಿಸುವವನು ಸೆಲೆಕ್ಟರ್. ಮೈಕು ಹಿಡಿದು ಅದರ ಮೇಲೆ ಮಾತಾಡುವವನೇ ಡೀಜೆ. ಆ ಮಾತುಗಾರಿಕೆಗೆ ಟೋಸ್ಟಿಂಗ್ ಎಂದು ಹೆಸರು. ಬೀದಿ ಕುಣಿತಗಳಲ್ಲಿ ಅದು ಮೊದಲೇ ಇತ್ತು. ಅಂಥ ಕುಣಿತಗಳಿಗೆ ರೆಕಾರ್ಡು ಹಾಕುತ್ತಿದ್ದ ಕಿಂಗ್ ಟಬ್ಬಿಯ ಸೌಂಡ್ ಸಿಸ್ಟಂನಲ್ಲಿ ಯು-ರಾಯ್ ಆಗ ಡೀಜೆ. ಅಲ್ಲಿ ಅವರನ್ನು ಕೇಳಿ ಬೆರಗಾದ ಹೋಲ್ಟ್, ಹೋಗಿ ನಿರ್ಮಾಪಕ ಡ್ಯೂಕ್ ರೀಡ್‌ಗೆ ಹೇಳಿದರು. ತನ್ನ ಹಾಡಿನ ಮೇಲೆ ಇನ್ನೊಬ್ಬ ಮಾತಾಡಿದರೆ ಮುನಿಯದೆ ಅವನನ್ನೇ ಸ್ಟುಡಿಯೊಗೆ ಕರೆಸಿದ ಆ ದೊಡ್ಡ ಮನಸ್ಸನ್ನು ಮರೆಯಬಾರದು. ಕಿಂಗ್‌ಸ್ಟನ್ನಿನ ಬಾಂಡ್ ಸ್ಟ್ರೀಟಿನಲ್ಲಿ, ಮದ್ಯದಂಗಡಿಯ ಮೇಲಿದ್ದ ರೀಡ್ ಸ್ಟುಡಿಯೊದಲ್ಲಿ ಹಳೆಯ ಟೇಪುಗಳಿಗೆ ಹೊಸ ಬಾಯಿ ಬಂತು. 1970ರಲ್ಲಿ ಜಮೈಕಾದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಮೂರು ಸ್ಥಾನಗಳೂ ಯು-ರಾಯ್ ಪಾಲಾದವು.

ಇದಕ್ಕೆಲ್ಲ ದಾರಿ ಮಾಡಿದ್ದು ಒಂದು ತಪ್ಪು. 1960ರ ದಶಕದ ಕೊನೆಯಲ್ಲಿ ರಡ್ಡಿ ರೆಡ್‌ವುಡ್ ಎಂಬ ಸೌಂಡ್ ಸಿಸ್ಟಂ ಮಾಲೀಕನಿಗಾಗಿ ರೆಕಾರ್ಡು ಕೊರೆಯುವಾಗ ಗಾಯಕರ ದನಿ ಸೇರಿಸುವುದು ಬಿಟ್ಟುಹೋಯಿತು. ರಾತ್ರಿ ಕುಣಿತದಲ್ಲಿ ಅದನ್ನು ಹಾಕಿದರೆ ಜನರೇ ಹಾಡತೊಡಗಿದರು. ದನಿಯಿಲ್ಲದ 'ವರ್ಷನ್' ಮುಂದೆ ರೆಕಾರ್ಡಿನ ಹಿಂಬದಿಗೆ ಕಾಯಂ ಆಯಿತು.

ಟಬ್ಬಿ ಅದನ್ನು ಡಬ್ ಎಂಬ ಸಂಗೀತವಾಗಿಸಿದರು. ಹೆಸರು ಓಸ್ಬೋರ್ನ್ ರಡಾಕ್, ಕಸುಬು ರೇಡಿಯೊ ರಿಪೇರಿ. ಆಂಪ್ಲಿಫಯರಿನ ಒಳಗನ್ನು ಬಲ್ಲ ಕೈಗೆ ಹಾಡಿನ ಒಳಗೂ ತಿಳಿದಿತ್ತು. ನಾಲ್ಕೇ ಟ್ರ್ಯಾಕು. ಗಿಟಾರನ್ನು ಇಳಿಸಿ, ಡ್ರಮ್ಮಿನ ಒಂದೇ ಪೆಟ್ಟನ್ನು ಪ್ರತಿಧ್ವನಿಗೆ ಕೊಟ್ಟು, ಅದು ದೂರ ಸರಿದು ಕರಗುವ ಹೊತ್ತಿಗೆ ಬೇಸನ್ನು ಮತ್ತೆ ತರುತ್ತಿದ್ದರು. ಡಬ್ ಎಂದರೆ ಬರೀ ವಾದ್ಯಸಂಗೀತ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ತೆಗೆದದ್ದರ ನೆನಪು ಅದರಲ್ಲಿ ಉಳಿದೇ ಇರುತ್ತದೆ. ಅರ್ಧಕ್ಕೆ ತುಂಡಾದ ಒಂದು ಪದ ಗಾಳಿಯಲ್ಲಿ ಸುತ್ತುತ್ತಿರುವುದನ್ನು ಕೇಳಿದರೆ ಸಾಕು, ಗೊತ್ತಾಗುತ್ತದೆ.

ವಾಟರ್‌ಹೌಸ್ ಬಡಾವಣೆಯಲ್ಲಿದ್ದ ಟಬ್ಬಿ ಮನೆಯೇ ಸ್ಟುಡಿಯೊ. ಬಚ್ಚಲುಮನೆಯನ್ನು ದನಿ ಮುದ್ರಿಸುವ ಕೋಣೆ ಮಾಡಿಕೊಂಡಿದ್ದರು. ಗಾಯಕರು ಆ ಇಕ್ಕಟ್ಟಿನಲ್ಲಿ ನಿಂತು ಎದೆ ತುಂಬಿ ಹಾಡಿ ಹೋಗುತ್ತಿದ್ದರು. ಆಮೇಲೆ ಟಬ್ಬಿ ಮಿಕ್ಸರ್ ಮುಂದೆ ಕೂತು, ಆ ದನಿಯನ್ನು ಮೆಲ್ಲಗೆ ಇಳಿಸುತ್ತಿದ್ದರು.