ಮನೆಗೆ ಗಾಳಿಶುದ್ಧಿ ಯಂತ್ರ: ಆರಿಸುವ ಬಗೆ

ಮನುಷ್ಯನು ಅಕ್ಕಿಯನ್ನು ಆರಿಸಿ ಬೇಯಿಸುತ್ತಾನೆ. ನೀರನ್ನು ಸೋಸಿ ಕುಡಿಯುತ್ತಾನೆ. ಗಾಳಿಯನ್ನು ಮಾತ್ರ ಬಂದುದನ್ನು ಬಂದಂತೆಯೇ ಸೇವಿಸುತ್ತಾನೆ. ಅನ್ನನೀರುಗಳನ್ನಾದರೂ ಸ್ವಲ್ಪ ಕಾಲ ಬಿಟ್ಟಿರಬಹುದು; ಉಸಿರನ್ನು ಕೆಲವು ನಿಮಿಷಗಳೂ ಬಿಟ್ಟಿರಲಾಗದು. ಆದುದರಿಂದ ಗಾಳಿಯನ್ನು ಸೋಸುವ ಯಂತ್ರವೂ ಪೇಟೆಗೆ ಬಂದುದರಲ್ಲಿ ಆಶ್ಚರ್ಯವೇನಿಲ್ಲ. ಅಂಗಡಿಗಳಲ್ಲಿ ಏರ್ ಪ್ಯೂರಿಫೈಯರ್ ಎಂದು ಕರೆಯುವ ಈ ಯಂತ್ರವು ದೆಹಲಿಯ ಅನೇಕ ಮನೆಗಳಲ್ಲಿ ಚಳಿಗಾಲದ ಒಡನಾಡಿಯಾಗಿದೆ. ಬೆಂಗಳೂರಿನ ಅಂಗಡಿಗಳಲ್ಲಿಯೂ ಸಾಲುಸಾಲಾಗಿ ನಿಂತಿದೆ. ಇದನ್ನು ಕೊಳ್ಳಬೇಕೆ, ಕೊಳ್ಳುವುದಾದರೆ ಯಾವುದನ್ನು ಎಂಬುದು ಈ ಲೇಖನದ ವಿಷಯ.

ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುತ್ತಿರುವವಳು. ಆದರೆ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದಕಾರಣ, ಔಷಧದ ಚೀಟಿಯಿಂದ ಹಿಡಿದು ಬ್ಯಾಂಕಿನ ಕಾಗದದವರೆಗೆ ಎಲ್ಲವೂ ನನ್ನ ಕೈಗೇ ಬರುತ್ತವೆ. ನನ್ನ ಅಕ್ಕ ಭಾವಂದಿರು ಬೆಂಗಳೂರಿನಲ್ಲಿ ದೊಡ್ಡ ರಸ್ತೆಯೊಂದರ ಪಕ್ಕದ ಒಂದು ಕೋಣೆಯ ಮನೆಯಲ್ಲಿದ್ದಾರೆ. ಅವರ ಮೂರು ವರ್ಷದ ಮಗುವಿಗೆ ಉಬ್ಬಸ. ಧೂಳು ಹೊಗೆಗಳಿಂದ ಮಗುವನ್ನು ದೂರವಿಡಿರೆಂದು ವೈದ್ಯರು ಹೇಳಿದರು. ಯಂತ್ರವೊಂದನ್ನು ತಂದಿಡಿರೆಂದು ನೆರೆಯವರು ಹೇಳಿದರು. "ಅಂಗಡಿಯವನು ಹೇಳೋದು ನಮಗೆ ತಿಳಿಯೋಲ್ಲ ಕಣೆ. ನೀನು ಓದಿದವಳು, ನೋಡಿ ಹೇಳು; ದುಡ್ಡು ದಂಡ ಆಗಬಾರದು" ಎಂದಳು ಅಕ್ಕ. ಭಾವನ ಅರ್ಧ ತಿಂಗಳ ದುಡಿಮೆ ಒಂದು ಯಂತ್ರಕ್ಕೆ ಹೋಗುತ್ತದೆ. ಹೀಗಾಗಿ ಕೆಲವು ವಾರ ಈ ವಿಷಯವನ್ನೇ ಪಠ್ಯದಂತೆ ಓದಬೇಕಾಯಿತು. ತಿಳಿದುಕೊಂಡುದನ್ನು ಸಹಪಾಠಿಗಳ ಮುಂದೆಯೂ ಇಡುತ್ತಿದ್ದೇನೆ.

ಮೊದಲು ಗಾಳಿಯಲ್ಲಿರುವ ಶತ್ರು ಯಾರೆಂಬುದನ್ನು ತಿಳಿಯೋಣ. ಕಣ್ಣಿಗೆ ಕಾಣುವ ಧೂಳು ಅಷ್ಟು ಅಪಾಯದ್ದಲ್ಲ. ಅದರ ಬಹುಭಾಗವನ್ನು ಮೂಗು ಗಂಟಲುಗಳೇ ತಡೆಯುತ್ತವೆ. ಅಪಾಯವಿರುವುದು ಪಿ.ಎಂ. ೨.೫ ಎಂಬ ಕಣಗಳಲ್ಲಿ. ಇವು ೨.೫ ಮೈಕ್ರೋಮೀಟರ್, ಅದಕ್ಕಿಂತಲೂ ಸಣ್ಣವು. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರೋಮೀಟರುಗಳು. ನಮ್ಮ ತಲೆಗೂದಲಿನ ದಪ್ಪ ಇದರ ಇಪ್ಪತ್ತರಷ್ಟಾದರೂ ಇರುತ್ತದೆ. ವಾಹನದ ಹೊಗೆ, ಸೌದೆಯ ಹೊಗೆ, ಪಟಾಕಿಯ ಹೊಗೆ, ಊದುಬತ್ತಿಯ ಹೊಗೆ ಎಲ್ಲದರಲ್ಲಿಯೂ ಇವುಂಟು. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಅತಿ ಸಣ್ಣವು ರಕ್ತವನ್ನೂ ಸೇರುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇವುಗಳ ವರ್ಷದ ಸರಾಸರಿ ೫ ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಹೇಳಿತು. ನಮ್ಮ ದೇಶವು ೨೦೦೯ರಲ್ಲಿ ಗೊತ್ತುಮಾಡಿದ ಮಿತಿ ೪೦. ಈ ಎರಡು ಅಂಕಿಗಳ ನಡುವಿನ ದೂರವೇ ನಾವು ಎಲ್ಲಿದ್ದೇವೆಂಬುದನ್ನು ತೋರಿಸುತ್ತದೆ.

ಇನ್ನು ಯಂತ್ರದ ವಿಚಾರ. ಹೊರಗೆ ಎಷ್ಟೇ ಥಳುಕಿರಲಿ, ಒಳಗಿರುವುದು ಎರಡೇ: ಒಂದು ಫ್ಯಾನು, ಒಂದು ಸೋಸುಕ ಅಥವಾ ಫಿಲ್ಟರ್. ಫ್ಯಾನು ಕೋಣೆಯ ಗಾಳಿಯನ್ನು ಎಳೆದು ಫಿಲ್ಟರಿನ ಮೂಲಕ ಹಾಯಿಸಿ ಹೊರಬಿಡುತ್ತದೆ. ಒಳ್ಳೆಯ ಫಿಲ್ಟರಿಗೆ ಹೆಪಾ ಎಂದು ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಣುಬಾಂಬಿನ ಕೆಲಸ ನಡೆಯುತ್ತಿದ್ದ ಅಮೆರಿಕದಲ್ಲಿ, ವಿಕಿರಣವುಳ್ಳ ಕಣಗಳನ್ನು ಹಿಡಿಯಲು ಇದನ್ನು ಬೆಳೆಸಿದರು. ಸಂಹಾರದ ಕಾರ್ಯಕ್ಕೆ ನೆರವಾಗಿ ಹುಟ್ಟಿದುದು ಇಂದು ಮಗುವಿನ ತೊಟ್ಟಿಲ ಬಳಿ ಕುಳಿತಿದೆ!

ಫಿಲ್ಟರೆಂದೊಡನೆ ನಮಗೆ ಜರಡಿ ನೆನಪಾಗುವುದು ಸಹಜ. ಆದರೆ ಇದು ಜರಡಿಯಲ್ಲ. ಇದರ ಎಳೆಗಳ ನಡುವಿನ ಸಂದುಗಳು ಅದು ಹಿಡಿಯುವ ಅನೇಕ ಕಣಗಳಿಗಿಂತ ದೊಡ್ಡವು. ದೊಡ್ಡ ಕಣವು ಗಾಳಿಯೊಡನೆ ತಿರುಗಲಾರದೆ ನೇರವಾಗಿ ಹೋಗಿ ಎಳೆಗೆ ಬಡಿಯುತ್ತದೆ; ಬಸ್ಸು ತಿರುವಿನಲ್ಲಿ ತಿರುಗಿದಾಗ ನಿಂತವನು ಮುಗ್ಗರಿಸುವಂತೆ. ಅತಿ ಸಣ್ಣ ಕಣವು ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅತ್ತಿತ್ತ ಅಲೆದು ಒಂದಲ್ಲ ಒಂದು ಎಳೆಗೆ ತಾಗಿಯೇ ತೀರುತ್ತದೆ. ಸಂತೆಯ ನೂಕುನುಗ್ಗಲಿನಲ್ಲಿ ಸಿಕ್ಕಿದ ಕೂಸಿನಂತೆ. ತಪ್ಪಿಸಿಕೊಳ್ಳುವುದರಲ್ಲಿ ನಿಪುಣವೆಂದರೆ ನಡುವಣ ಗಾತ್ರದ್ದು, ಸುಮಾರು ೦.೩ ಮೈಕ್ರೋಮೀಟರಿನದು. ಆದುದರಿಂದಲೇ ಪರೀಕ್ಷೆಯನ್ನು ಆ ಗಾತ್ರದ ಕಣದ ಮೇಲೆ ನಡೆಸುತ್ತಾರೆ. ಅಂಥ ಹತ್ತು ಸಾವಿರ ಕಣಗಳಲ್ಲಿ ಮೂರಕ್ಕಿಂತ ಹೆಚ್ಚು ತಪ್ಪಿಸಿಕೊಳ್ಳಬಾರದೆಂಬುದು ಅಮೆರಿಕದ ನಿಯಮ. ಯುರೋಪಿನ ಲೆಕ್ಕದಲ್ಲಿ ಎಚ್. ೧೩ ಎಂಬ ದರ್ಜೆಯು ನೂರಕ್ಕೆ ೯೯.೯೫ರಷ್ಟನ್ನು ಹಿಡಿಯಬೇಕು. ಡಬ್ಬಿಯ ಮೇಲೆ "ಹೆಪಾ ಮಾದರಿ", "ಹೆಪಾದಂತಹ" ಎಂದು ಬರೆದಿದ್ದರೆ ಎಚ್ಚರವಿರಲಿ. ಆ ಮಾತುಗಳಿಗೆ ಯಾವ ದರ್ಜೆಯ ಕಟ್ಟುಪಾಡೂ ಇಲ್ಲ.

ಯಂತ್ರಗಳನ್ನು ಹೋಲಿಸುವಾಗ ಬಣ್ಣ, ದೀಪ, ಮೊಬೈಲಿನಿಂದ ನಡೆಸುವ ಅನುಕೂಲ ಇವುಗಳನ್ನೆಲ್ಲ ಬದಿಗಿಟ್ಟು ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು.

ಮೊದಲನೆಯದು: ಈ ಯಂತ್ರ ಗಂಟೆಗೆ ಎಷ್ಟು ಶುದ್ಧಗಾಳಿಯನ್ನು ಕೊಡುತ್ತದೆ? ಇದನ್ನು ಸಿ.ಎ.ಡಿ.ಆರ್. ಎಂಬ ನಾಲ್ಕಕ್ಷರಗಳಿಂದ ಸೂಚಿಸುತ್ತಾರೆ. ಫಿಲ್ಟರು ಎಷ್ಟೇ ಉತ್ತಮವಾಗಿದ್ದರೂ ಅದರ ಮೂಲಕ ಹಾಯುವ ಗಾಳಿ ಕಡಮೆಯಾದರೆ ಫಲವಿಲ್ಲ. ಸಣ್ಣ ಚೊಂಬಿನಿಂದ ಬಾವಿಯನ್ನು ತೋಡಿದಂತೆ. ಕೋಣೆಯ ಗಾಳಿಯೆಲ್ಲ ಗಂಟೆಗೆ ಸುಮಾರು ಐದು ಸಲ ಯಂತ್ರದೊಳಗೆ ಹಾದುಬಂದರೆ ಒಳ್ಳೆಯದು. ಲೆಕ್ಕ ಸುಲಭ. ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಅಡಿಯಲ್ಲಿ ಗುಣಿಸಿ ೧೨ರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಘನ ಅಡಿ ಶುದ್ಧಗಾಳಿ ಬೇಕೆಂಬುದು ಸಿಗುತ್ತದೆ. ಅದನ್ನು ೧.೭ರಿಂದ ಗುಣಿಸಿದರೆ ಗಂಟೆಗೆ ಇಷ್ಟು ಘನ ಮೀಟರ್ ಎಂಬ ಲೆಕ್ಕ. ನಮ್ಮ ದೇಶದ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಇರುವುದು ಇದೇ. ಅಕ್ಕನ ಕೋಣೆ ೧೨ ಅಡಿ ಉದ್ದ, ೧೦ ಅಡಿ ಅಗಲ, ೧೦ ಅಡಿ ಎತ್ತರ. ಗುಣಲಬ್ಧ ೧೨೦೦, ಭಾಗಿಸಿದರೆ ೧೦೦, ಅಂದರೆ ಗಂಟೆಗೆ ೧೭೦ ಘನ ಮೀಟರ್. ಅಂಗಡಿಯಲ್ಲಿ ಅವರಿಗೆ ತೋರಿಸಿದ್ದ ಯಂತ್ರದ ಮೇಲೆ "೨೫೦ ಚದರಡಿಗೆ ಸಾಕು" ಎಂದು ದಪ್ಪ ಅಕ್ಷರವಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ೮೦ ಘನ ಮೀಟರ್ ಎಂದಿತ್ತು. ಅಷ್ಟು ದೊಡ್ಡ ಕೋಣೆಯಲ್ಲಿ ಅದು ಗಂಟೆಗೆ ಒಂದೇ ಸಲ ಗಾಳಿಯನ್ನು ಸೋಸಬಲ್ಲದು. ಆದಕಾರಣ ಚದರಡಿಯನ್ನು ನಂಬದೆ ಘನ ಮೀಟರನ್ನು ಓದಬೇಕು.

ಎರಡನೆಯದು: ಎಷ್ಟು ಸದ್ದು? ಡಬ್ಬಿಯ ಮೇಲಿನ ಪ್ರಮಾಣವು ಫ್ಯಾನು ಅತ್ಯಂತ ವೇಗವಾಗಿ ತಿರುಗುವಾಗಿನದು. ಆ ಮೊರೆತದಲ್ಲಿ ಮಗು ಮಲಗಲಾರದು. ವೇಗ ತಗ್ಗಿಸಿದರೆ ಶುದ್ಧಗಾಳಿಯೂ ತಗ್ಗುತ್ತದೆ. ಹೀಗಾಗಿ ಲೆಕ್ಕಕ್ಕೆ ಬಂದುದಕ್ಕಿಂತ ಒಂದೂವರೆ ಪಾಲು ದೊಡ್ಡ ಯಂತ್ರವನ್ನು ಕೊಂಡು ನಡುವಣ ವೇಗದಲ್ಲಿ ನಡೆಸುವುದು ಜಾಣತನ.

ಮೂರನೆಯದು: ವರ್ಷಕ್ಕೆ ಎಷ್ಟು ಖರ್ಚು? ಫಿಲ್ಟರನ್ನು ತೊಳೆದು ಮತ್ತೆ ಬಳಸುವಂತಿಲ್ಲ, ಕಟ್ಟಿಕೊಂಡಾಗ ಬದಲಿಸಬೇಕು. ಲೆಕ್ಕಕ್ಕಾಗಿ ಎರಡು ಯಂತ್ರಗಳನ್ನು ಊಹಿಸೋಣ. ಒಂದರ ಬೆಲೆ ೮೦೦೦ ರೂಪಾಯಿ, ಆರು ತಿಂಗಳಿಗೊಮ್ಮೆ ೨೫೦೦ ರೂಪಾಯಿಯ ಫಿಲ್ಟರು. ಇನ್ನೊಂದರ ಬೆಲೆ ೧೪೦೦೦, ವರ್ಷಕ್ಕೊಮ್ಮೆ ಅದೇ ಬೆಲೆಯ ಫಿಲ್ಟರು. ಮೊದಲ ಫಿಲ್ಟರು ಯಂತ್ರದೊಡನೆಯೇ ಬರುತ್ತದೆ. ಐದು ವರ್ಷಗಳಲ್ಲಿ ಮೊದಲನೆಯದಕ್ಕೆ ೩೦೫೦೦ ರೂಪಾಯಿ, ಎರಡನೆಯದಕ್ಕೆ ೨೪೦೦೦. ಅಗ್ಗವೆಂದು ತಂದುದು ದುಬಾರಿಯಾಯಿತು! ವಿದ್ಯುತ್ತಿನ ಖರ್ಚಿಗೆ ಹೆದರಬೇಕಾದುದಿಲ್ಲ. ೫೦ ವ್ಯಾಟಿನ ಯಂತ್ರವು ದಿನಕ್ಕೆ ಎಂಟು ಗಂಟೆ ನಡೆದರೆ ತಿಂಗಳಿಗೆ ೧೨ ಯೂನಿಟ್. ಆದರೆ ಫಿಲ್ಟರು ಮೂರು ವರ್ಷಗಳ ಮೇಲೂ ನಮ್ಮ ಊರಿನಲ್ಲಿ ದೊರೆಯುವುದೇ ಎಂದು ಕೇಳಿಯೇ ಹಣ ಕೊಡಬೇಕು. ಫಿಲ್ಟರು ಸಿಗದ ಯಂತ್ರವೆಂದರೆ ಸದ್ದುಮಾಡುವ ಪೆಟ್ಟಿಗೆಯಷ್ಟೆ.

ಇದಲ್ಲದೆ ಕೆಲವು ಯಂತ್ರಗಳಲ್ಲಿ ಅಯಾನುಗಳನ್ನು ಬಿಡುವ ಏರ್ಪಾಡು ಇರುತ್ತದೆ. ಕೆಲವು ಬಗೆಯವು ಓಜೋನ್ ಅನಿಲವನ್ನೂ ಹೊರಬಿಡುತ್ತವೆ. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಓಜೋನ್ ಮೂಗಿನ ಮಟ್ಟದಲ್ಲಿ ಶ್ವಾಸಕೋಶವನ್ನು ಕೆರಳಿಸುತ್ತದೆ. ಉಬ್ಬಸವಿರುವ ಮನೆಗೆ ಇದು ಬೇಡ. ಇದ್ದರೂ ಆರಿಸಿಡಲು ಗುಂಡಿಯಿರಬೇಕು. ವಾಸನೆಯನ್ನೂ ಅನಿಲಗಳನ್ನೂ ಹೀರಲು ಇದ್ದಿಲಿನ ಪದರವನ್ನಿಡುತ್ತಾರೆ. ತತ್ತ್ವ ಸರಿ, ಆದರೆ ತೆಳುವಾದ ಪದರ ಬಹುಬೇಗ ತುಂಬಿಹೋಗುತ್ತದೆ. ಇದ್ದಿಲು ಎಷ್ಟು ತೂಕವಿದೆಯೆಂಬುದೇ ಮುಖ್ಯ.

ಕುಂಡದ ಗಿಡಗಳನ್ನಿಟ್ಟರೆ ಗಾಳಿ ಶುದ್ಧವಾಗುವುದೆಂಬ ಮಾತೂ ಪ್ರಚಾರದಲ್ಲಿದೆ. ಅಮೆರಿಕದ ನಾಸಾ ಸಂಸ್ಥೆಯು ೧೯೮೯ರಲ್ಲಿ ಪ್ರಕಟಿಸಿದ ಪ್ರಯೋಗವೊಂದೇ ಇದರ ಮೂಲ. ಆ ಪ್ರಯೋಗ ನಡೆದುದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ. ನಾವು ವಾಸಿಸುವ ಕೋಣೆಯಲ್ಲಿ, ಕಿಟಕಿ ಬಾಗಿಲುಗಳಿಂದ ಆಗುವಷ್ಟೇ ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ, ನೆಲದ ಪ್ರತಿ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡಗಳು ಬೇಕೆಂದು ೨೦೧೯ರ ಪರಿಶೀಲನೆಯೊಂದು ತೋರಿಸಿತು. ತುಲಸಿಯನ್ನು ಭಕ್ತಿಗಾಗಿ, ಮಲ್ಲಿಗೆಯನ್ನು ಮುಡಿಯುವುದಕ್ಕಾಗಿ ಬೆಳೆಸೋಣ; ಶುದ್ಧಿಯ ಹೊಣೆಯನ್ನು ಅವುಗಳ ಮೇಲೆ ಹೊರಿಸುವುದು ಬೇಡ.

ಯಂತ್ರದಿಂದ ಆಗದ ಕೆಲಸಗಳನ್ನೂ ಹೇಳಲೇಬೇಕು. ಕಿಟಕಿ ಬಾಗಿಲು ತೆರೆದಿದ್ದರೆ, ಹಂಚಿನ ಸಂದಿಯಲ್ಲಿ ಗಾಳಿಯಾಡುತ್ತಿದ್ದರೆ, ಅದು ಬೀದಿಯ ಗಾಳಿಯನ್ನು ಸೋಸಲು ಹೊರಟಂತಾಗುತ್ತದೆ. ಹಾಗೆಂದು ಸದಾ ಮುಚ್ಚಿಟ್ಟರೆ ನಾವು ಬಿಡುವ ಇಂಗಾಲದ ಡೈಆಕ್ಸೈಡು ಒಳಗೇ ಸೇರುತ್ತದೆ. ಯಂತ್ರವು ಅದನ್ನು ತೆಗೆಯಲಾರದು. ಚಳಿಗಾಲದಲ್ಲಿ ಹೊಗೆಯು ಬೆಳಗ್ಗೆ ಮತ್ತು ರಾತ್ರಿ ನೆಲದ ಬಳಿಯೇ ನಿಲ್ಲುವುದರಿಂದ, ಮಧ್ಯಾಹ್ನದ ಹೊತ್ತು ಕಿಟಕಿ ತೆರೆಯುವುದು ಮೇಲು. ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಮುಚ್ಚಿದ ಕೋಣೆಯಲ್ಲಿ ಚಳಿಗೆಂದು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಇಟ್ಟು ಮಲಗಿದವರು ಪ್ರಾಣ ಕಳೆದುಕೊಳ್ಳುವುದನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಆ ಕೊಲೆಗಾರ ಅನಿಲಕ್ಕೆ, ಕಾರ್ಬನ್ ಮಾನಾಕ್ಸೈಡಿಗೆ, ಬಣ್ಣವಿಲ್ಲ, ವಾಸನೆಯಿಲ್ಲ. ಮನೆಯ ಯಾವ ಗಾಳಿಶುದ್ಧಿ ಯಂತ್ರವೂ ಅದನ್ನು ತಡೆಯದು.

ಆದುದರಿಂದ ಯಂತ್ರಕ್ಕೆ ಮೊದಲು ಮನೆಯೊಳಗಿನ ಹೊಗೆಯನ್ನು ನಿಲ್ಲಿಸಬೇಕು. ಅಕ್ಕನ ಕೋಣೆಯಲ್ಲಿ ಪ್ರತಿ ರಾತ್ರಿಯೂ ಸೊಳ್ಳೆಬತ್ತಿ ಉರಿಯುತ್ತಿತ್ತು. ಒಂದು ಸೊಳ್ಳೆಬತ್ತಿಯು ಬಿಡುವ ಸೂಕ್ಷ್ಮಕಣಗಳು ೭೫ರಿಂದ ೧೩೭ ಸಿಗರೇಟುಗಳು ಬಿಡುವಷ್ಟು ಎಂದು ೨೦೦೩ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿದೆ. ಇದನ್ನು ಹೇಳಿದಾಗ ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. ಮರುದಿನವೇ ಸೊಳ್ಳೆಪರದೆ ಬಂತು. ಊದುಬತ್ತಿಯ ಜಾಗದಲ್ಲಿ ಹೂವು ಬಂತು. ಗ್ಯಾಸಿನ ಒಲೆ ಕಿಟಕಿಯ ಬಳಿಗೆ ಹೋಯಿತು. ಗುಡಿಸುವುದರ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು ಮೊದಲಾಯಿತು. ಇದಕ್ಕೆಲ್ಲ ಆದ ಖರ್ಚು ಪರದೆಯ ಬೆಲೆ ಮಾತ್ರ. ಆದರೂ ರಸ್ತೆಯ ಹೊಗೆ ನಿಲ್ಲಲಿಲ್ಲ. ಅದು ಅಕ್ಕನ ಕೈಯಲ್ಲಿಲ್ಲ. ಎರಡು ತಿಂಗಳು ಹಣ ಕೂಡಿಸಿ ಗಂಟೆಗೆ ೨೫೦ ಘನ ಮೀಟರಿನ, ಅಯಾನುಗಳ ಏರ್ಪಾಡಿಲ್ಲದ ಸಾದಾ ಯಂತ್ರವೊಂದನ್ನು ಕೊಂಡರು. ರಾತ್ರಿ ಬಾಗಿಲು ಹಾಕಿದ ಮೇಲೆ ಅದು ನಡೆಯುತ್ತದೆ. ವೈದ್ಯರು ಕೊಟ್ಟ ಔಷಧವೂ ನಡೆದಿದೆ. ಯಂತ್ರವು ಔಷಧದ ಬದಲಿಗೆ ಅಲ್ಲ. ಮಗುವಿನ ಕೆಮ್ಮಿನ ರಾತ್ರಿಗಳು ಕಡಮೆಯಾಗಿವೆಯೆಂದು ಅಕ್ಕ ಹೇಳುತ್ತಾಳೆ. ಪರದೆಯಿಂದಲೋ ಯಂತ್ರದಿಂದಲೋ ಔಷಧದಿಂದಲೋ, ಬೇರ್ಪಡಿಸಿ ಹೇಳುವಂತಿಲ್ಲ.

ಈ ಲೆಕ್ಕವನ್ನೇ ಹಿಡಿದು ನಮ್ಮ ಹಳ್ಳಿಯ ಮನೆಯನ್ನು ನೋಡಿದಾಗ ಬೇರೊಂದು ಸಂಗತಿ ಕಾಣುತ್ತದೆ. ಅಲ್ಲಿ ಗ್ಯಾಸಿನ ಸಿಲಿಂಡರು ಇದೆ. ಆದರೆ ಅದು ಬೇಗ ಮುಗಿಯಬಾರದೆಂದು ಮುದ್ದೆಗೂ ಸ್ನಾನದ ನೀರಿಗೂ ಸೌದೆಯೇ. ಊದುಗೊಳವೆ ಹಿಡಿದು ಒಲೆಯ ಮುಂದೆ ಕುಳಿತ ಅಮ್ಮನಿಗೆ ಯಾವ ಯಂತ್ರವನ್ನು ಆರಿಸಲಿ? ಬೆಳಕಿಂಡಿಯಿಂದ ಗಾಳಿಯಾಡುವ, ಹೊಗೆಯು ನಿಲ್ಲದೆ ಹುಟ್ಟುವ ಅಡುಗೆಮನೆಯಲ್ಲಿ ಯಂತ್ರಕ್ಕೆ ಕೆಲಸವಿಲ್ಲ. ಫಿಲ್ಟರು ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಮನೆಯೊಳಗಿನ ಇಂತಹ ಹೊಗೆಯಿಂದ ೨೦೨೦ರಲ್ಲಿ ಜಗತ್ತಿನಲ್ಲಿ ಸುಮಾರು ೩೨ ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಲ್ಲಿ ಬೇಕಾದುದು ಒಳ್ಳೆಯ ಒಲೆ, ಹೊಗೆಕೊಳವೆ, ಕೈಗೆಟಕುವ ಬೆಲೆಯ ಗ್ಯಾಸು. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ಆರಂಭಿಸಿದ 'ಅಸ್ತ್ರ' ಕೇಂದ್ರವು ಕಡಮೆ ಸೌದೆಯಲ್ಲಿ ಉರಿದು ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಕಳಿಸುವ ಒಲೆಯೊಂದನ್ನು ರೂಪಿಸಿತು. ಅಸ್ತ್ರ ಒಲೆಯೆಂದು ಅದು ನಮ್ಮ ನಾಡಿನ ಅನೇಕ ಹಳ್ಳಿಗಳನ್ನು ಮುಟ್ಟಿತು. ೨೦೧೬ರಲ್ಲಿ ಕೇಂದ್ರ ಸರ್ಕಾರವು ಬಡ ಮನೆಗಳ ಹೆಂಗಸರಿಗೆ ಗ್ಯಾಸಿನ ಸಂಪರ್ಕ ಕೊಡುವ ಉಜ್ವಲಾ ಯೋಜನೆಯನ್ನು ಆರಂಭಿಸಿತು. ಸಂಪರ್ಕ ಬಂದುದು ದೊಡ್ಡ ಮಾತೇ ಸರಿ; ಸಿಲಿಂಡರನ್ನು ಮತ್ತೆ ಮತ್ತೆ ತುಂಬಿಸುವ ಶಕ್ತಿ ಬಂದಾಗ ಆ ಕೆಲಸ ಪೂರ್ತಿಯಾದೀತು.

ಒಟ್ಟಿನಲ್ಲಿ ಹೇಳಬೇಕಾದುದು ಇಷ್ಟು. ಮೊದಲು ಹೊಗೆಯ ಮೂಲವನ್ನು ಕಳೆಯಬೇಕು. ಅನಂತರ ಗಾಳಿ ಬರುವ ದಾರಿಯನ್ನು ತಿಳಿಯಬೇಕು. ಆಮೇಲೂ ಉಳಿದುದಕ್ಕೆ ಯಂತ್ರ. ಯಂತ್ರವನ್ನು ಕೊಳ್ಳುವಾಗ ಜಾಹೀರಾತಿನ ಮಾತಿಗಿಂತ ಕೋಣೆಯ ಅಳತೆ, ಘನ ಮೀಟರ್, ಫಿಲ್ಟರಿನ ಬೆಲೆ ಈ ಮೂರನ್ನು ಕಾಗದದ ಮೇಲೆ ಬರೆದುಕೊಂಡು ಹೋಗಬೇಕು. ಈ ಗುಣಾಕಾರ ಭಾಗಾಕಾರಗಳನ್ನು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿಯೇ ಕಲಿತೆವು. ಓದಲು ಬಾರದ ಹಿರಿಯರು ಅಂಗಡಿಯ ಮುಂದೆ ನಿಂತಾಗ ಅವರ ಪಕ್ಕದಲ್ಲಿ ನಿಂತು ಸಣ್ಣ ಅಕ್ಷರವನ್ನು ಓದಿಹೇಳುವುದು ನಮ್ಮಂಥವರ ಕೆಲಸ. ನಮ್ಮ ಕಾಲೇಜಿನಲ್ಲಿ ಇಂತಹ ಮನೆಗಳಿಂದ ಬಂದವರೇ ಹೆಚ್ಚು. ಆದಕಾರಣ ಇದನ್ನು ಇಲ್ಲಿ ಬರೆದೆ.